ಎರಡು ಗುಡ್ಡ ಕೂಡಿಸಿದರೆ ಕಣಿವೆ ಬರಬಹುದು

(ಶಿವಮೊಗ್ಗದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದನ್ನು, ಬಂದವರು ಕೇಳಿದರು ಅಂತ ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಮಾತಿನಲ್ಲೇ ಹೇಳಬೇಕಾದ ಕಡೆ ಸ್ವಲ್ಪ ಉದ್ದ ಆಗಿದೆ. ಒಂದು ಪೆನ್ಸಿಲ್ ಇಟ್ಟುಕೊಂಡು ಓದಿದರೆ ಒಳ್ಳೆಯದು.)

ನಮ್ಮ ಕಡೆ ಅಡಿಕೆ ಸುಲಿಯುವ ಕಾಲ ಬಂದರೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಬಂದು ಮೆಟ್ಟುಗತ್ತಿ ಮುಂದೆ ಕೂರುತ್ತಾರೆ, ಕೈ ಒಂದು ಕಡೆ, ಬಾಯಿ ಒಂದು ಕಡೆ. ಒಂದು ರಾತ್ರಿ ಆರು ಜನ ಕೂತಿದ್ದಾರೆ ಅಂತ ಇಟ್ಟುಕೊಳ್ಳಿ. ಕೆಲವರು ಊರಿನವರು, ಕೆಲವರು ಕೆಲಸಕ್ಕೆ ಅಂತ ದೂರದಿಂದ ಬಂದವರು. ಯಾರಿಗೆ ಯಾರ ಪರಿಚಯ ಇದೆ ಅಂತ ನನಗೆ ಗೊತ್ತಿಲ್ಲ. ಆದರೂ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ಆ ಆರು ಜನರಲ್ಲಿ ಒಬ್ಬರಿಗೊಬ್ಬರು ಪರಿಚಯ ಇರುವ ಮೂವರು ಸಿಗುತ್ತಾರೆ, ಇಲ್ಲಾ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂವರು ಸಿಗುತ್ತಾರೆ. ಎರಡರಲ್ಲಿ ಒಂದು ಆಗಲೇಬೇಕು.

ಯಾಕೆ? ಆರರಲ್ಲಿ ಒಬ್ಬರನ್ನು ಹಿಡಿಯಿರಿ, ಗಿರಿಜಕ್ಕ ಅನ್ನೋಣ. ಉಳಿದವರು ಐದು ಜನ. ಅವರಲ್ಲಿ ಗಿರಿಜಕ್ಕನಿಗೆ ಗೊತ್ತಿರುವವರು ಮೂವರಾದರೂ ಇರಬೇಕು, ಇಲ್ಲದಿದ್ದರೆ ಗೊತ್ತಿಲ್ಲದವರು ಮೂವರಾದರೂ ಇರಬೇಕು. ಗೊತ್ತಿರುವವರು ಮೂವರು ಅನ್ನೋಣ. ಆ ಮೂವರಲ್ಲಿ ಯಾವುದಾದರೂ ಇಬ್ಬರಿಗೆ ಪರಸ್ಪರ ಪರಿಚಯ ಇದ್ದರೆ, ಅವರಿಬ್ಬರು ಮತ್ತು ಗಿರಿಜಕ್ಕ, ಮೂವರಾಯಿತು. ಯಾರಿಗೂ ಯಾರ ಪರಿಚಯವೂ ಇಲ್ಲ ಅಂದರೆ ಆ ಮೂವರೇ ಸಾಕು, ಪರಿಚಯವಿಲ್ಲದ ಮೂವರು ಸಿಕ್ಕರಲ್ಲ. ಇನ್ನೊಂದು ಪಕ್ಷವೂ ಹೀಗೇ. ಐದೇ ಜನ ಇದ್ದರೆ ಈ ಮಾತು ಹೇಳಲಾಗುವುದಿಲ್ಲ. ದುಂಡಗೆ ಕೂತ ಐದು ಜನರಲ್ಲಿ ಪಕ್ಕಪಕ್ಕದವರಿಗೆ ಮಾತ್ರ ಪರಿಚಯ ಅಂತ ಇಟ್ಟು ನೋಡಿ, ತಪ್ಪಿಹೋಗುತ್ತದೆ.

ಜನರನ್ನು ಚುಕ್ಕಿ ಮಾಡಿ, ಪರಿಚಯವನ್ನು ಗೆರೆ ಮಾಡಿ. ಅದಕ್ಕೇ ಗ್ರಾಫ್ ಅಂತ ಹೆಸರು. ಮೂವರ ಬದಲು ನಾಲ್ವರು ಬೇಕು ಅಂದರೆ ಎಷ್ಟು ಜನ ಕೂರಬೇಕು? 18. ಇದು 1955ರಲ್ಲೇ ಗೊತ್ತಾಯಿತು. ಐವರು ಬೇಕು ಅಂದರೆ? ಇವತ್ತಿಗೂ ಗೊತ್ತಿಲ್ಲ. 43ಕ್ಕಿಂತ ಕಡಿಮೆ ಇಲ್ಲ, 46ಕ್ಕಿಂತ ಜಾಸ್ತಿ ಇಲ್ಲ, ಅಷ್ಟೇ. ಇಡೀ ಭೂಮಿಯ ಕಂಪ್ಯೂಟರ್‌ಗಳನ್ನೆಲ್ಲ ಸೇರಿಸಿ ಒಂದೊಂದೇ ಸಾಧ್ಯತೆ ಪರೀಕ್ಷಿಸುತ್ತೇವೆ ಅಂದರೂ ಆಗುವ ಕೆಲಸ ಅಲ್ಲ, ಯಾಕಂದರೆ 43 ಚುಕ್ಕಿಗಳ ನಡುವೆ 903 ಜೋಡಿ ಇವೆ, ಒಂದೊಂದು ಜೋಡಿಗೂ ಎರಡೆರಡು ಆಯ್ಕೆ.

ಇವುಗಳಿಗೆ ರಾಮ್ಸೆ ಸಂಖ್ಯೆ ಅನ್ನುತ್ತಾರೆ. 26ನೇ ವಯಸ್ಸಿಗೇ, 1930ರಲ್ಲಿ ತೀರಿಕೊಂಡ ಫ್ರಾಂಕ್ ರಾಮ್ಸೆಯ ಹೆಸರು. 1935ರಲ್ಲಿ ಎರ್ಡಿಷ್ ಮತ್ತು ಸೆಕೆರೆಷ್ ಒಂದು ಮಿತಿ ಕೊಟ್ಟರು. ಗುಂಪಿನ ಗಾತ್ರ ಒಂದೊಂದು ಹೆಚ್ಚಿದ ಹಾಗೂ ಬೇಕಾದ ಜನ ನಾಲ್ಕು ನಾಲ್ಕು ಪಟ್ಟು ಬೆಳೆದರೆ ಸಾಕು ಅಂತ. ಆ 4 ಅನ್ನುವುದನ್ನು ಕೂದಲೆಳೆಯಷ್ಟು ಇಳಿಸಲಿಕ್ಕೂ 88 ವರ್ಷ ಯಾರಿಂದಲೂ ಆಗಲಿಲ್ಲ. 2023ರ ಮಾರ್ಚ್‌ನಲ್ಲಿ ಕಾಂಪೋಸ್, ಗ್ರಿಫಿತ್ಸ್, ಮೋರಿಸ್, ಸಹಸ್ರಬುದ್ಧೆ ಅನ್ನುವ ನಾಲ್ವರು ಅದನ್ನು 3.9922ರ ಹತ್ತಿರ ತಂದರು. ಇಷ್ಟೇನಾ ಅನ್ನಿಸಬಹುದು. ಆದರೆ ಬಂಡೆ ಒಮ್ಮೆ ಅಲುಗಿತು ನೋಡಿ, ಮರುವರ್ಷವೇ ಬೇರೆಯವರು ಅದೇ ದಾರಿ ಹಿಡಿದು 3.8ರ ತನಕ ಇಳಿಸಿದರು.

2023ರ ಜೂನ್‌ನಲ್ಲಿ ಬಂದ ಇನ್ನೊಂದು ಫಲಿತಾಂಶ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ಸಾಮ್ ಮ್ಯಾಟೇಯುಸ್ ಮತ್ತು ಜಾಕ್ ವರ್ಸ್ಟ್ರಾಟೆ ಅವರದ್ದು. ಪರಸ್ಪರ ಪರಿಚಯದ ನಾಲ್ವರೂ ಸಿಗಬಾರದು, ಪರಿಚಯವಿಲ್ಲದವರ ದೊಡ್ಡ ಗುಂಪೂ ಸಿಗಬಾರದು, ಹಾಗೆ ಎಷ್ಟು ಜನರನ್ನು ಕೂರಿಸಬಹುದು? ಗುಂಪಿನ ಗಾತ್ರದ ಘನದಷ್ಟು, ಹೆಚ್ಚುಕಡಿಮೆ, ಅಂತ ಅವರು ತೋರಿಸಿದರು. ಅಂಥ ಗ್ರಾಫನ್ನು ತಂದದ್ದು ಎಲ್ಲಿಂದ ಅಂದರೆ ರೇಖಾಗಣಿತದಿಂದ. ಅದೂ ನಾವು ಹೈಸ್ಕೂಲಲ್ಲಿ ಓದುವ ರೇಖಾಗಣಿತ ಅಲ್ಲ. ಅಲ್ಲಿ ಬಿಂದುಗಳು ಎಣಿಸಿ ಮುಗಿಯುವಷ್ಟೇ ಇರುತ್ತವೆ. ತೀರಾ ಚಿಕ್ಕದರಲ್ಲಿ 7 ಬಿಂದು, 7 ಗೆರೆ. ಒಂದೊಂದು ಗೆರೆಯ ಮೇಲೆ ಮೂರು ಬಿಂದು, ಯಾವ ಎರಡು ಗೆರೆ ತೆಗೆದುಕೊಂಡರೂ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಇಂಥ ಲೋಕಗಳನ್ನು ಕಟ್ಟುವುದು ಬೀಜಗಣಿತದಿಂದ, ಗಡಿಯಾರದ ಹಾಗೆ ಸುತ್ತಿ ಬರುವ ಲೆಕ್ಕದಿಂದ. ಅಂಥ ಒಂದು ದೊಡ್ಡ ಲೋಕದ ಗೆರೆಗಳನ್ನೇ ಅವರು ಚುಕ್ಕಿ ಮಾಡಿಕೊಂಡರು, ಆಮೇಲೆ ನಾಣ್ಯ ಚಿಮ್ಮಿದ ಹಾಗೆ ಕೆಲವು ಸಂಬಂಧಗಳನ್ನು ಅಳಿಸಿದರು. ಕೆಲಸ ಆಯಿತು.

ಈ ವಿದ್ಯೆಯಲ್ಲಿ ನಮ್ಮ ದೇಶದವರ ಕೈ ಹಳೆಯದು. ಚೌಕದ ಮನೆಗಳಲ್ಲಿ ಗುರುತುಗಳನ್ನು ಜೋಡಿಸುವ ಬಗ್ಗೆ 1782ರಲ್ಲಿ ಆಯ್ಲರ್ ಹೇಳಿದ್ದ ಒಂದು ಊಹೆಯನ್ನು 1959ರಲ್ಲಿ ಆರ್. ಸಿ. ಬೋಸ್, ಎಸ್. ಎಸ್. ಶ್ರೀಖಂಡೆ ಮತ್ತು ಪಾರ್ಕರ್ ಸುಳ್ಳು ಮಾಡಿದ್ದು ಇಂಥ ಲೆಕ್ಕಾಚಾರದಿಂದಲೇ. ಶ್ರೀಖಂಡೆಯವರು 102 ವರ್ಷ ಬದುಕಿ 2020ರಲ್ಲಿ ಹೋದರು.

ನಾನು ಡಿಗ್ರಿ ಓದುವಾಗ ಸೋಮವಾರ ಬೀಜಗಣಿತ, ಮಂಗಳವಾರ ರೇಖಾಗಣಿತ, ಗ್ರಾಫ್ ಥಿಯರಿ ಐಚ್ಛಿಕ. ಅಂಕಿಗಳ ಕೋಷ್ಟಕವಾದ ಮ್ಯಾಟ್ರಿಕ್ಸಿಗೂ ಗ್ರಾಫಿಗೂ ಏನಾದರೂ ಸಂಬಂಧ ಇದೆಯಾ ಅಂತ ಒಮ್ಮೆ ಕೇಳಿದ್ದೆ. ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ ಅಂದರು. ಕೂತೆ. ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಹತ್ತು ವರ್ಷ ಹಿಡಿಯಿತು. ಈಚಿನ ಹದಿನೈದು ವರ್ಷದಲ್ಲಿ ಗಣಿತದಲ್ಲಿ ಬಂದ ದೊಡ್ಡ ಫಲಿತಾಂಶಗಳನ್ನು ನೋಡಿದರೆ, ಪ್ರಶ್ನೆ ಹುಟ್ಟಿದ್ದು ಒಂದು ತೋಟದಲ್ಲಿ, ನೀರು ಬಂದಿದ್ದು ಪಕ್ಕದ ತೋಟದಿಂದ. ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಇದನ್ನೇ. ಎರಡು ಉದಾಹರಣೆಯನ್ನು ನಿಧಾನವಾಗಿ ನೋಡೋಣ.

ಒಂದು ಕೆರೆಯ ಸುತ್ತ ನಾಲ್ಕು ಮನೆ. ಪಕ್ಕಪಕ್ಕದ ಮನೆಗೆ ಒಂದೇ ಬಣ್ಣ ಇರಕೂಡದು. ಎದುರುಬದುರು ಇದ್ದರೆ ಪರವಾಗಿಲ್ಲ. ಮೂರು ಬಣ್ಣ ಇದೆ. ಎಷ್ಟು ರೀತಿ ಬಳಿಯಬಹುದು?

ಕೆರೆಯ ದಂಡೆಯಲ್ಲಿ ಒಂದನೇ ಮನೆಯೂ ನಾಲ್ಕನೇ ಮನೆಯೂ ಪಕ್ಕದ ಮನೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆಯಿರಿ. ಆಗ ನಾಲ್ಕೂ ಒಂದೇ ಸಾಲಿನ ಮನೆ. ಮೊದಲನೆಯದಕ್ಕೆ 3 ಆಯ್ಕೆ, ಆಮೇಲಿನ ಒಂದೊಂದಕ್ಕೂ 2. ಒಟ್ಟು 24. ಇದರಲ್ಲಿ ತಪ್ಪು ಸೇರಿಕೊಂಡಿದೆ, ಒಂದನೆಯದೂ ನಾಲ್ಕನೆಯದೂ ಒಂದೇ ಬಣ್ಣ ಆದವು. ಅವೆಷ್ಟು? ಆ ಎರಡು ಮನೆಯನ್ನು ಒಂದೇ ಮನೆ ಅಂದುಕೊಂಡುಬಿಡಿ, ಆಗ ಉಳಿಯುವುದು ತ್ರಿಕೋನದ ಹಾಗೆ ಮೂರು ಮನೆ, ಅದಕ್ಕೆ ಬಣ್ಣ ಬಳಿಯಲು 3 × 2 × 1, ಅಂದರೆ 6 ರೀತಿ. 24ರಲ್ಲಿ 6 ಕಳೆಯಿರಿ, 18. ಗೆರೆ ಎಷ್ಟೇ ಇದ್ದರೂ ಹೀಗೇ ಒಂದೊಂದೇ ಗೆರೆ ಕಿತ್ತು, ಎರಡು ಮನೆ ಸೇರಿಸಿ, ಕಳೆದು ಕಳೆದು ಲೆಕ್ಕ ಮುಗಿಸಬಹುದು.

ಮೂರರ ಬದಲು ಎಷ್ಟಾದರೂ ಬಣ್ಣ ಇರಲಿ, ಅದನ್ನು 'ಬ' ಅನ್ನೋಣ. ಆಗ ಉತ್ತರ ಒಂದು ಬಹುಪದೋಕ್ತಿ ಆಗುತ್ತದೆ:

ಬ⁴ − 4ಬ³ + 6ಬ² − 3ಬ

ಬ ಇರುವ ಕಡೆ 3 ಹಾಕಿ ನೋಡಿ, 81 − 108 + 54 − 9, ಸರಿಯಾಗಿ 18. ಇದನ್ನು 1912ರಲ್ಲಿ ಬಿರ್ಕಾಫ್ ಕಂಡುಹಿಡಿದರು. ಯಾವ ನಕ್ಷೆಗಾದರೂ ನಾಲ್ಕು ಬಣ್ಣ ಸಾಕು ಅನ್ನುವ ಹಳೆಯ ಪ್ರಶ್ನೆಯನ್ನು ಬಿಡಿಸುವ ಆಸೆ ಅವರಿಗಿತ್ತು. ಆ ಆಸೆ ಈ ದಾರಿಯಲ್ಲಿ ಕೈಗೂಡಲಿಲ್ಲ, ಬಹುಪದೋಕ್ತಿ ಮಾತ್ರ ಉಳಿಯಿತು.

ಈಗ ಕಳೆಯುವ ಕೂಡುವ ಚಿಹ್ನೆ ಬಿಟ್ಟು ಅಂಕಿಗಳನ್ನು ಮಾತ್ರ ಓದಿ. 1, 4, 6, 3. ಏರಿತು, ಇಳಿಯಿತು. ತ್ರಿಕೋನಕ್ಕೆ 1, 3, 2. ಏರಿತು, ಇಳಿಯಿತು. ಯಾವ ಗ್ರಾಫ್ ತೆಗೆದುಕೊಂಡರೂ ಹೀಗೇ, ಒಂದೇ ಗುಡ್ಡ, ಮಧ್ಯೆ ಕಣಿವೆ ಬರುವುದೇ ಇಲ್ಲ ಅಂತ 1968ರಲ್ಲಿ ರೊನಾಲ್ಡ್ ರೀಡ್ ಊಹಿಸಿದರು. ನೂರು ಉದಾಹರಣೆ ಮಾಡಿ ನೋಡಬಹುದು. ಆದರೆ ಯಾಕೆ?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಕಷ್ಟ ಎಲ್ಲಿದೆ ಅಂತ ತಿಳಿಯದಿದ್ದರೆ ಗೆದ್ದದ್ದು ಏನು ಅಂತಲೂ ತಿಳಿಯುವುದಿಲ್ಲ. ನಾವು ಮಾಡಿದ ಲೆಕ್ಕದಲ್ಲಿ ಸಾಲುಮನೆಯ ಅಂಕಿಗಳು 1, 3, 3, 1. ತ್ರಿಕೋನದ್ದನ್ನು ಒಂದು ಮನೆ ಸರಿಸಿ ಬರೆದರೆ 0, 1, 3, 2. ಕೂಡಿಸಿ: 1, 4, 6, 3. ಅಂದರೆ ಚಿಕ್ಕ ಎರಡು ಗುಡ್ಡ ಕೂಡಿಸಿ ದೊಡ್ಡ ಗುಡ್ಡ ಮಾಡಿದೆವು. ಹಾಗಾದರೆ ಚಿಕ್ಕದು ಗುಡ್ಡವಾದರೆ ದೊಡ್ಡದೂ ಗುಡ್ಡ, ಮುಗಿಯಿತಲ್ಲ ಅನ್ನಿಸುತ್ತದೆ ಅಲ್ವಾ? ಮಲೆನಾಡಿನವರು ಇದಕ್ಕೆ ಮೋಸಹೋಗಬಾರದು. ಒಂದು ಗುಡ್ಡ ಈ ಕಡೆ, ಇನ್ನೊಂದು ಆ ಕಡೆ ಇದ್ದರೆ ನಡುವೆ ಕಣಿವೆ. 1, 9, 3, 1, 0 ಒಂದು ಗುಡ್ಡ. 0, 1, 3, 9, 1 ಇನ್ನೊಂದು. ಕೂಡಿಸಿದರೆ 1, 10, 6, 10, 1. ನಡುವೆ ತಗ್ಗು ಬಿತ್ತು. ಗ್ರಾಫಿನಲ್ಲಿ ಹಾಗೆ ಬೀಳುವುದಿಲ್ಲ, ಆದರೆ ಯಾಕೆ ಬೀಳುವುದಿಲ್ಲ ಅನ್ನುವುದು ಕೂಡುವ ಲೆಕ್ಕದ ಒಳಗೆ ಕಾಣುವುದಿಲ್ಲ. 40 ವರ್ಷ ಎಲ್ಲರೂ ಇಲ್ಲೇ ನಿಂತರು.

ಬಿಡಿಸಿದವರು ಜೂನ್ ಹಹ್. ಕೊರಿಯಾದಲ್ಲಿ ಬೆಳೆದ ಹುಡುಗ, ಕವಿ ಆಗಬೇಕು ಅಂತ ಹೈಸ್ಕೂಲು ಬಿಟ್ಟವರು. ಆಮೇಲೆ ಸೋಲ್‌ನ ವಿಶ್ವವಿದ್ಯಾಲಯದಲ್ಲಿ ಹಿರೊನಾಕಾ ಅನ್ನುವ ಜಪಾನಿನ ಹಿರಿಯ ಗಣಿತಜ್ಞರ ಪಾಠ ಕೇಳಿ ಗಣಿತಕ್ಕೆ ತಿರುಗಿದರು. ಹಿರೊನಾಕಾ ಹೇಳುತ್ತಿದ್ದದ್ದು ಆಕಾರಗಳ ಬಗ್ಗೆ, ಅದರಲ್ಲೂ ಆಕಾರ ಎಲ್ಲಿ ಚೂಪಾಗುತ್ತದೆ, ಎಲ್ಲಿ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ ಅನ್ನುವುದರ ಬಗ್ಗೆ. ಗ್ರಾಫಿಗೂ ಅದಕ್ಕೂ ಏನು ಸಂಬಂಧ?

ನಾಲ್ಕು ಮನೆಯ ಬಣ್ಣವನ್ನು ನಾಲ್ಕು ಸಂಖ್ಯೆ ಅಂತ ನೋಡಿ. ನಾಲ್ಕು ಸಂಖ್ಯೆ ಅಂದರೆ ನಾಲ್ಕು ಆಯಾಮದ ಜಾಗದಲ್ಲಿ ಒಂದು ಬಿಂದು. 'ಒಂದನೇ ಮನೆಯೂ ಎರಡನೇ ಮನೆಯೂ ಒಂದೇ ಬಣ್ಣ' ಅನ್ನುವುದು ಆ ಜಾಗದಲ್ಲಿ ಒಂದು ಚಪ್ಪಟೆ ಗೋಡೆ. ಗ್ರಾಫಿನ ಒಂದೊಂದು ಗೆರೆಗೂ ಒಂದೊಂದು ಗೋಡೆ ಎದ್ದು ನಿಲ್ಲುತ್ತದೆ, ಸರಿಯಾಗಿ ಬಣ್ಣ ಬಳಿಯುವುದು ಅಂದರೆ ಯಾವ ಗೋಡೆಯನ್ನೂ ಮುಟ್ಟದ ಬಿಂದುವನ್ನು ಆರಿಸುವುದು. ಈ ಗೋಡೆಗಳೆಲ್ಲ ಸೇರಿ ಒಂದು ಆಕಾರ. ಗೋಡೆಗಳು ಕೂಡುವ ಮೂಲೆಗಳು ಆ ಆಕಾರದ ಚೂಪುಗಳು. ಹಹ್ ಕಂಡದ್ದೇನು ಅಂದರೆ ನಮ್ಮ 1, 4, 6, 3 ಅನ್ನುವ ಅಂಕಿಗಳ ಹಿಂದೆ ಇರುವುದು ಈ ಆಕಾರವನ್ನು ಅಳೆಯಲು ರೇಖಾಗಣಿತದವರು ಮೊದಲೇ ಇಟ್ಟುಕೊಂಡಿದ್ದ ಅಳತೆಗಳೇ. ಆ ಅಳತೆಗಳಿಗೆ ಒಂದು ನಿಯಮ ಮೊದಲೇ ಗೊತ್ತಿತ್ತು: ನಡುವಿನದರ ವರ್ಗ, ಅಕ್ಕಪಕ್ಕದ ಎರಡರ ಗುಣಲಬ್ಧಕ್ಕಿಂತ ಕಡಿಮೆ ಆಗುವುದಿಲ್ಲ. 4 × 4 ಅಂದರೆ 16, ಪಕ್ಕದ 1 × 6 ಬರೀ 6. 6 × 6 ಅಂದರೆ 36, ಪಕ್ಕದ 4 × 3 ಬರೀ 12. ಈ ನಿಯಮ ಇದ್ದಲ್ಲಿ ಕಣಿವೆ ಬೀಳಲು ಜಾಗವೇ ಇಲ್ಲ. ಕಣಿವೆಯ ತಳದಲ್ಲಿ ನಡುವಿನದು ಪಕ್ಕದವೆರಡಕ್ಕಿಂತ ಚಿಕ್ಕದಾಗಬೇಕಲ್ಲ.

ಆಗ ಅವರಿನ್ನೂ ಅಮೆರಿಕದಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಪ್ರಬಂಧ 2012ರಲ್ಲಿ ಅಚ್ಚಾಯಿತು. ಇದರ ಮುಂದಿನದು ಇನ್ನೂ ಮೇಲೆ. ಮ್ಯಾಟ್ರಾಯ್ಡ್ ಅಂತ ಒಂದು ವಸ್ತು ಇದೆ, ಗ್ರಾಫಿನ ದೊಡ್ಡಪ್ಪ ಅನ್ನಬಹುದು. ಅದರಲ್ಲಿ ಹೆಚ್ಚಿನವಕ್ಕೆ ಹಿಂದೆ ಯಾವ ಗೋಡೆಯೂ ಇಲ್ಲ, ಆಕಾರವೂ ಇಲ್ಲ. ಆದರೂ ಅಂಕಿಗಳು ಗುಡ್ಡದ ಹಾಗೇ ಏರಿ ಇಳಿಯುತ್ತವೆ ಅಂತ ಊಹೆ ಇತ್ತು. 2015ರಲ್ಲಿ ಅಡಿಪ್ರಸಿಟೊ, ಹಹ್, ಕಾಟ್ಜ್ ಮೂವರು ಸೇರಿ, ಆಕಾರ ಇಲ್ಲದಿದ್ದರೆ ಬೇಡ, ಆಕಾರ ಇದ್ದಿದ್ದರೆ ಯಾವ ಬೀಜಗಣಿತ ಇರುತ್ತಿತ್ತೋ ಅದನ್ನೇ ನೇರ ಕಟ್ಟುತ್ತೇವೆ ಅಂತ ಹೊರಟು ಸಾಧಿಸಿದರು. ಮನೆ ಇಲ್ಲದ ಕಡೆ ಮನೆಯ ಲೆಕ್ಕ ಸರಿಹೋಯಿತು. ಇದನ್ನು ಮೊದಲ ಸಲ ಓದಿದ ದಿನ ನಾನು ರಾತ್ರಿ ಅಂಗಳದಲ್ಲಿ ಸುಮ್ನೆ ಓಡಾಡಿದ್ದು ನೆನಪಿದೆ. ಹಹ್ ಅವರಿಗೆ 2022ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಬಂತು.

ನಡುವೆ ಚಹಾ ಕುಡಿಯುವಾಗ ಸಾಗರ ಕಡೆಯ ಒಬ್ಬರು ಹಸೆ ಚಿತ್ತಾರದ ಮಾತು ತೆಗೆದರು. ದೀವರ ಮನೆಗಳ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹೆಂಗಸರು ಎಳೆಯುವ ಗೆರೆಗಳು, ನೀವೂ ನೋಡಿರುತ್ತೀರಿ. ಅಲ್ಲಿ ಒಂದೇ ಎಳೆ ಮತ್ತೆ ಮತ್ತೆ ಬರುತ್ತದೆ, ಅದೇ ಅದರ ಚೆಲುವು. ಒಂದೇ ಅಚ್ಚಿನ ಬಿಲ್ಲೆಯಿಂದ ಗೋಡೆ ತುಂಬಿಸಬೇಕು, ಆದರೆ ವಿನ್ಯಾಸ ಎಂದೂ ಸರಿಸಿಟ್ಟ ಹಾಗೆ ಮರುಕಳಿಸಬಾರದು, ಸಾಧ್ಯವಾ? 2022ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಮಿತ್ ಅನ್ನುವ ನಿವೃತ್ತ ಮುದ್ರಣ ತಂತ್ರಜ್ಞರು ಕಾಗದ ಕತ್ತರಿಸುತ್ತಾ ಕೂತಾಗ ಅಂಥ ಬಿಲ್ಲೆ ಸಿಕ್ಕಿತು, 13 ಬದಿಯದ್ದು, ಟೋಪಿಯ ಹಾಗೆ. ಮೈಯರ್ಸ್, ಕಪ್ಲಾನ್, ಗುಡ್‌ಮನ್-ಸ್ಟ್ರಾಸ್ ಜೊತೆಗೂಡಿ 2023ರ ಮಾರ್ಚ್‌ನಲ್ಲಿ ಸಾಧಿಸಿದರು. ಕೆಲವು ಬಿಲ್ಲೆಯನ್ನು ಮಗುಚಿ ಹಾಕಬೇಕಿತ್ತು ಅಂತ ಜನ ತಕರಾರು ತೆಗೆದರು. ಮೇ ತಿಂಗಳಲ್ಲಿ ಮಗುಚದೆಯೂ ಆಗುವ ಇನ್ನೊಂದು ಬಿಲ್ಲೆ ತಂದರು.

ಎರಡನೇ ಉದಾಹರಣೆಗೆ ಮನೆಯ ಸ್ವಿಚ್ ಬೋರ್ಡ್ ಸಾಕು. ಮೂರು ಸ್ವಿಚ್ ಇದೆ. ಒಟ್ಟು 8 ಸ್ಥಿತಿ. ಒಂದೇ ಸ್ವಿಚ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದರೆ ಅವು ನೆರೆಯವು. ಗೆರೆ ಎಳೆದರೆ ಒಂದು ಪೆಟ್ಟಿಗೆ ಬರುತ್ತದೆ, 8 ಮೂಲೆ, 12 ಅಂಚು. ಸರಿಸಂಖ್ಯೆಯ ಸ್ವಿಚ್ ಹಾಕಿರುವ 4 ಮೂಲೆ ಆರಿಸಿದರೆ ಅವುಗಳಲ್ಲಿ ಯಾರೂ ಯಾರಿಗೂ ನೆರೆಯಲ್ಲ. ಸರಿಯಾಗಿ ಅರ್ಧ. ಇನ್ನೊಂದೇ ಒಂದು ಮೂಲೆ ಜಾಸ್ತಿ ಆರಿಸಿ, ಬೇಕಾದ ಯಾವುದೇ 5. ಆಗ ಯಾವುದಾದರೂ ಒಂದಕ್ಕೆ ಆರಿಸಿದವುಗಳಲ್ಲೇ ಇಬ್ಬರು ನೆರೆಯವರು ಇದ್ದೇ ಇರುತ್ತಾರೆ. 100 ಸ್ವಿಚ್ ಇದ್ದರೆ? ಅರ್ಧಕ್ಕಿಂತ ಒಂದು ಜಾಸ್ತಿ ಆರಿಸಿದರೆ ಯಾವುದಾದರೂ ಒಂದಕ್ಕೆ 10 ನೆರೆಯವರಾದರೂ ಇರುತ್ತಾರೆ, ಯಾವಾಗಲೂ ಸ್ವಿಚ್ ಸಂಖ್ಯೆಯ ವರ್ಗಮೂಲದಷ್ಟು. ಕಂಪ್ಯೂಟರ್ ವಿಜ್ಞಾನದವರು 1992ರಿಂದ ಕೇಳುತ್ತಿದ್ದ ಸೆನ್ಸಿಟಿವಿಟಿ ಊಹೆ (ಒಂದು ಸ್ವಿಚ್ ಬದಲಾದರೆ ಉತ್ತರ ಬದಲಾಗುತ್ತದಾ ಅನ್ನುವುದನ್ನು ಅಳೆಯುವ ಬಗ್ಗೆ) ಇಷ್ಟರ ಮೇಲೆ ನಿಂತಿತ್ತು. 2019ರ ಜುಲೈನಲ್ಲಿ ಹಾವ್ ಹುವಾಂಗ್ ಸಾಧಿಸಿದರು. ತಿರುಳು ಎರಡು ಪುಟ. ಡೊನಾಲ್ಡ್ ಕನೂತ್ ಅದನ್ನು ಒಂದೇ ಪುಟಕ್ಕೆ ಇಳಿಸಿದರು.

ನಾನು ತೆಂಗಿನಗರಿಯ ಕಡ್ಡಿಯಲ್ಲಿ ಒಂದು ಪೆಟ್ಟಿಗೆ ಕಟ್ಟಿ ತಂದಿದ್ದೆ. ಮಾಮೂಲಾಗಿ ಗ್ರಾಫನ್ನು ಮ್ಯಾಟ್ರಿಕ್ಸ್ ಮಾಡುವಾಗ ಗೆರೆ ಇದ್ದಲ್ಲಿ 1, ಇಲ್ಲದಲ್ಲಿ 0. ಹುವಾಂಗ್ ಕೆಲವು ಅಂಚಿಗೆ 1ರ ಬದಲು −1 ಬರೆದರು. ಆ ಅಂಚುಗಳಿಗೆ ನಾನು ಕೆಂಪು ದಾರ ಸುತ್ತಿದ್ದೆ. ನಿಯಮ ಒಂದೇ, ಪೆಟ್ಟಿಗೆಯ ಒಂದೊಂದು ಮುಖದಲ್ಲೂ ಕೆಂಪು ಅಂಚು ಬೆಸಸಂಖ್ಯೆಯಲ್ಲಿ ಇರಬೇಕು. ಈಗ ಒಂದು ಮೂಲೆಯಿಂದ ಎರಡು ಹೆಜ್ಜೆ ನಡೆಯಿರಿ. ಹೋಗಿ ವಾಪಸ್ ಬಂದರೆ, ಹಾಗೆ ಬರಲು 3 ದಾರಿ. ಬೇರೆ ಮೂಲೆ ಮುಟ್ಟಿದರೆ ಅದು ಒಂದು ಮುಖದ ಎದುರು ಮೂಲೆ, ಅಲ್ಲಿಗೆ ಎರಡೇ ದಾರಿ, ಕೆಂಪು ಬೆಸ ಆದ್ದರಿಂದ ಒಂದು ದಾರಿಯ ಲೆಕ್ಕ +1, ಇನ್ನೊಂದರದು −1. ಹೊಡೆದುಹೋದವು. ಉಳಿದದ್ದು ವಾಪಸ್ ಬರುವ 3 ಮಾತ್ರ. ಅಂದರೆ ಮ್ಯಾಟ್ರಿಕ್ಸನ್ನು ಅದರಿಂದಲೇ ಗುಣಿಸಿದರೆ ಓರೆಗೆರೆಯ ಮೇಲೆ ಬರೀ 3, ಉಳಿದ ಕಡೆ ಎಲ್ಲ ಸೊನ್ನೆ. ಹಾಗಾಗಿ ಅದರ ಐಗನ್ ವ್ಯಾಲ್ಯೂಗಳು, ಅಂದರೆ ಮ್ಯಾಟ್ರಿಕ್ಸ್ ತನ್ನ ವಿಶೇಷ ದಿಕ್ಕುಗಳನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವ ಸಂಖ್ಯೆಗಳು, ಅರ್ಧ √3, ಅರ್ಧ −√3. ಅರ್ಧಕ್ಕಿಂತ ಒಂದು ಸಾಲು ಜಾಸ್ತಿ ಉಳಿಸಿಕೊಂಡು ಬಾಕಿ ಅಳಿಸಿದರೂ √3 ತಪ್ಪಿಸಿಕೊಳ್ಳಲಾರದು, ಇದು ಕೋಶಿಯ ಹಳೆಯ ಪ್ರಮೇಯ. ದೊಡ್ಡ ಐಗನ್ ವ್ಯಾಲ್ಯೂ ನೆರೆಯವರ ಸಂಖ್ಯೆಯನ್ನು ಮೀರುವಂತಿಲ್ಲ, ಇದು ಪಿಜಿ ಮೊದಲ ವರ್ಷದ ಪಾಠ. ಅಂದಮೇಲೆ ಯಾರಿಗಾದರೂ √3ಕ್ಕಿಂತ, ಅಂದರೆ ಸುಮಾರು 1.73ಕ್ಕಿಂತ ಕಡಿಮೆ ಇರುವಂತಿಲ್ಲ, ಕಡೇ ಪಕ್ಷ 2 ನೆರೆಯವರು ಇರಲೇಬೇಕು. ಮುಗಿಯಿತು. ನಾನು ಕ್ಲಾಸಲ್ಲಿ ಕೇಳಿ ಕೂತ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ಇನ್ನೊಂದಿಲ್ಲ.

ಹುವಾಂಗ್ ಹೇಳಿದ ಕ್ರಮದಲ್ಲೇ ಕಟ್ಟಿದ್ದರಿಂದ ನನ್ನ ಪೆಟ್ಟಿಗೆಯಲ್ಲಿ ಕೆಂಪು ಅಂಚು 4 ಇದ್ದವು. ಮಾತು ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿ ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಸರ್, ನಾಲ್ಕು ಯಾಕೆ, ಮೂರು ಸಾಕಲ್ವಾ?" ಅಂದಳು. ನಾನು ಯೋಚನೆ ಮಾಡಿರಲೇ ಇಲ್ಲ. ಮುಖ 6, ಒಂದೊಂದು ಅಂಚು ಎರಡು ಮುಖಕ್ಕೆ ಸೇರುತ್ತದೆ, ಹಾಗಾಗಿ ಮೂರಕ್ಕಿಂತ ಕಡಿಮೆ ಆಗಲ್ಲ ಅಂತ ಅವಳೇ ವಿವರಿಸಿದಳು. ಆಮೇಲೆ ದಾರ ಬಿಚ್ಚಿ, ಮುಂದಿನ ಮುಖ ಮೇಲಿನ ಮುಖ ಸೇರುವ ಅಂಚಿಗೆ ಒಂದು, ಹಿಂದಿನದು ಬಲದ್ದು ಸೇರುವಲ್ಲಿ ಒಂದು, ಕೆಳಗಿನದು ಎಡದ್ದು ಸೇರುವಲ್ಲಿ ಒಂದು ಸುತ್ತಿದಳು. ಆರೂ ಮುಖದಲ್ಲಿ ಒಂದೊಂದೇ ಕೆಂಪು. ಸರಿಯಾಗಿತ್ತು.

ನಾಲ್ಕು ಸ್ವಿಚ್ ಆದರೆ ಎಷ್ಟು ಬೇಕಾಗುತ್ತದೆ ಸರ್ ಅಂತ ಕೇಳಿದಳು. 32 ಅಂಚು, 24 ಚೌಕ, ಒಂದೊಂದು ಅಂಚು ಮೂರು ಚೌಕಕ್ಕೆ ಸೇರುತ್ತದೆ ಅಂತ ಹೇಳಿದೆ. ಹಾಗಾದರೆ 8ಕ್ಕಿಂತ ಕಡಿಮೆ ಸಾಲದು ಅಂದಳು. 8 ಸಾಕಾ ಅಂತ ಕಟ್ಟಿ ನೋಡಬೇಕು. ತೀರ್ಥಹಳ್ಳಿ ಬಸ್ಸಿಗೆ ಹೊತ್ತಾಯಿತು ಅಂತ ಅವಳ ಅಪ್ಪ ಕರೆಯುತ್ತಿದ್ದರು. ಉಳಿದ ಕಡ್ಡಿ ಕಟ್ಟನ್ನೂ ಕೆಂಪು ದಾರದ ಉಂಡೆಯನ್ನೂ ತೆಗೆದುಕೊಂಡು ಹೋಗಿದ್ದಾಳೆ.